ಮುಂಜಿಗೂ ಮಯ್ಯತ್ತಿಗೂ ನಡುವಿನ ದೇಹ

ಸಾವಿನ ಮನೆಯ ಮುಂದೆ ಶಾಮಿಯಾನ ಏಳುವ ಹೊತ್ತಿಗಾಗಲೇ ಒಂದು ಕಥೆ ತಯಾರಾಗಿರುತ್ತದೆ. ಸತ್ತವನು ಗಂಡಸಾಗಿದ್ದು, ವಯಸ್ಸು ಐವತ್ತರ ಆಸುಪಾಸಿನದಾದರೆ ಆ ಕಥೆಯ ವಾಕ್ಯಗಳೂ ಹೆಚ್ಚುಕಡಿಮೆ ನಿಗದಿ. ‘ನಿನ್ನೆ ಸಂಜೆ ನನ್ನ ಜೊತೆಗೇ ಚಹಾ ಕುಡಿದ’, ‘ಗುಂಡುಕಲ್ಲಿನ ಹಾಗಿದ್ದ ಮನುಷ್ಯ, ಒಂದು ದಿನ ತಲೆನೋವು ಅಂದವನಲ್ಲ’. ನಮ್ಮ ಮನೆಗಳ ದಖನಿಯಲ್ಲಾದರೆ ‘ಅಚ್ಛಾ ಖಾಸಾ ಆದ್ಮೀ ಥಾ, ಕುಛ್ ಭೀ ನೈ ಥಾ’. ಏನೂ ಇರಲಿಲ್ಲ. ಜನಾಜಾ ಹೊರಡುವಷ್ಟರಲ್ಲಿ ಈ ಮಾತು ಹತ್ತಾರು ಬಾಯಿಗಳಲ್ಲಿ ಉರುಳಿ ನುಣುಪಾಗಿ, ಸತ್ತವನ ಜೀವನಚರಿತ್ರೆಯ ಕೊನೆಯ ವಾಕ್ಯವೇ ಆಗಿಬಿಡುತ್ತದೆ. ಒಳಗೆ ಹೆಂಗಸರ ಕೋಣೆಯಲ್ಲಿ ಬೇರೆಯದೇ ಕಥೆ ನಡೆದಿರುತ್ತದೆ. ಆರು ತಿಂಗಳಿಂದ ಮೆಟ್ಟಿಲನ್ನು ನಿಂತು ನಿಂತು ಹತ್ತುತ್ತಿದ್ದುದು, ರಾತ್ರಿ ನಾಲ್ಕು ಸಲ ಎದ್ದು ಬಚ್ಚಲಿಗೆ ಹೋಗುತ್ತಿದ್ದುದು, ‘ಒಂದ್ಸಲ ತೋರಿಸ್ಕೊಂಡು ಬನ್ನಿ’ ಎಂದರೆ ‘ಮೇರೆಕು ಕ್ಯಾ ಹುವಾ’ ಎಂದು ಗದರಿದ್ದು, ಎಲ್ಲವೂ ಅಲ್ಲಿ ಒಂದೊಂದಾಗಿ ನೆನಪಾಗುತ್ತಿರುತ್ತದೆ. ಅಂಗಳದ ಕಥೆಗೂ ಒಳಮನೆಯ ಕಥೆಗೂ ಮುಖಾಮುಖಿಯೇ ಆಗುವುದಿಲ್ಲ.

ಕಥೆ ಬರೆಯುವವನಾಗಿ ನನ್ನ ಕುತೂಹಲ ಇರುವುದು ಇವೆರಡರ ನಡುವಿನ ಈ ಅಂತರದಲ್ಲಿ. ‘ಏನೂ ಇರಲಿಲ್ಲ’ ಎನ್ನುವವರು ಸುಳ್ಳು ಹೇಳುತ್ತಿರುವುದಿಲ್ಲ. ಅವರಿಗೆ ಕಾಣಲಿಲ್ಲ. ಕಾಣುವುದಕ್ಕೆ ಬೇಕಾದ ಕಣ್ಣನ್ನು ನಮ್ಮ ಕಥೆ, ಕವಿತೆ, ಸಿನಿಮಾಗಳು ಅವರಿಗೆ ಕೊಟ್ಟಿವೆಯೇ ಎಂಬುದು ಈ ಬರಹದ ಪ್ರಶ್ನೆ. ಗಂಡಸರು ತಪಾಸಣೆ ಮಾಡಿಸಿಕೊಳ್ಳಬೇಕೆಂದು ವೈದ್ಯರು ಪತ್ರಿಕೆಗಳ ಅಂಕಣಗಳಲ್ಲಿ ವರ್ಷಗಟ್ಟಲೆ ಹೇಳುತ್ತ ಬಂದಿದ್ದಾರೆ, ಅವರ ಮಾತಿಗೆ ನಾನು ಸೇರಿಸಬೇಕಾದ್ದು ಏನೂ ಇಲ್ಲ. ಅವರ ಮಾತು ಯಾಕೆ ಕಿವಿಯ ಮೇಲೆ ಬಿದ್ದು ಜಾರಿಹೋಗುತ್ತದೆ ಎಂಬುದರಲ್ಲಿ ಮಾತ್ರ ನಮ್ಮಂಥ ಬರೆಯುವವರ ಪಾಲೂ ಇದೆ.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ತೀರಿಕೊಂಡಾಗ ಅವರಿಗೆ 46 ವರ್ಷ. ಆಮೇಲಿನ ದಿನಗಳಲ್ಲಿ ಬೆಂಗಳೂರಿನ ಜಯದೇವ ಆಸ್ಪತ್ರೆಯ ಮುಂದೆ ಎದೆಯ ತಪಾಸಣೆಗೆಂದು ಜನ ಸಾಲುಗಟ್ಟಿದರು. ನಾಲ್ಕು ವರ್ಷ ಕಳೆಯುವ ಮೊದಲೇ, 2025ರ ಮೇ, ಜೂನ್ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಲ್ಲಿ ಚಿಕ್ಕ ವಯಸ್ಸಿನವರ ಸಾವುಗಳ ಸುದ್ದಿ ಒಂದರ ಹಿಂದೊಂದು ಬಂದಾಗ ಅದೇ ದೃಶ್ಯ ಮೈಸೂರಿನ ಜಯದೇವದ ಮುಂದೆ ಕಂಡಿತು. ಟೀವಿಯವರು ಹಾಸನವನ್ನೇ ಒಂದು ಶಾಪಗ್ರಸ್ತ ಊರೆಂಬಂತೆ ತೋರಿಸಿದರು. ಕೋವಿಡ್ ಲಸಿಕೆಯ ಮೇಲೆ ಅನುಮಾನ ಹರಡಿತು. ಸರ್ಕಾರ ತಜ್ಞರ ಸಮಿತಿ ನೇಮಿಸಿತು. ಸಮಿತಿ ವರದಿ ಕೊಟ್ಟು, ಅಸಾಮಾನ್ಯವಾದ ಏರಿಕೆ ಏನೂ ಕಂಡಿಲ್ಲ, ಲಸಿಕೆಗೂ ಇದಕ್ಕೂ ಸಂಬಂಧವಿಲ್ಲ ಎಂದಿತು. ಬೊಟ್ಟುಮಾಡಿದ್ದು ಹಳೆಯ ಕಾರಣಗಳ ಕಡೆಗೇ: ತಂಬಾಕು, ಬಿಪಿ, ಸಕ್ಕರೆ ಕಾಯಿಲೆ, ಬೊಜ್ಜು, ಮನೆತನದಲ್ಲಿ ಹೃದಯರೋಗ. ವರದಿ ಬಂದ ಮೇಲೆ ಸುದ್ದಿಯೇ ಸತ್ತುಹೋಯಿತು. ಶಾಪದ ಕಥೆಯಲ್ಲಿದ್ದ ರೋಚಕತೆ ಬೀಡಿ ಮತ್ತು ಬಿಪಿಯ ಕಥೆಯಲ್ಲಿ ಎಲ್ಲಿಂದ ಬರಬೇಕು?

ನಾನು ಗಮನಿಸಿದ್ದು ಇದು. ನಮ್ಮಲ್ಲಿ ಗಂಡಸು ಆಸ್ಪತ್ರೆಯ ಸಾಲಿನಲ್ಲಿ ನಿಲ್ಲಲು ಇನ್ನೊಬ್ಬ ಗಂಡಸು ಸಾಯಬೇಕು, ಅದೂ ಹೆಸರಾಂತವನಾಗಿರಬೇಕು, ಇಲ್ಲವೇ ಸಾವು ಸಾಲುಸಾಲಾಗಿ ಬರಬೇಕು. ಅಂದರೆ ಒಂದು ‘ಘಟನೆ’ ನಡೆಯಬೇಕು. ಘಟನೆಯ ಬಿಸಿ ಆರಿದ ಮೇಲೆ ಸಾಲು ಕರಗುತ್ತದೆ. ಆದರೆ ಬಿಪಿ ನೋಡಿಸುವುದು ಘಟನೆಯಲ್ಲ. ಆರು ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ, ಏನೂ ಆಗದೇ ಇರುವಾಗ ಹೋಗಿ ಏನೂ ಆಗಿಲ್ಲವೆಂದು ತಿಳಿದುಕೊಂಡು ಬರುವ ಕೆಲಸ ಅದು. ಘಟನೆಯಿಂದಲೇ ಉಸಿರಾಡುವ ನಮ್ಮ ಕಥನಪರಂಪರೆಗೆ ಇಂಥದ್ದೊಂದು ಕೆಲಸ ಇದೆ ಎಂಬುದೇ ಗೊತ್ತಿದ್ದಂತಿಲ್ಲ.

ನಾನು ಓದು ಕಲಿತದ್ದು ಉರ್ದುವಿನಲ್ಲೂ ಕನ್ನಡದಲ್ಲೂ. ಉರ್ದುವಿನಿಂದಲೇ ಶುರುಮಾಡುತ್ತೇನೆ, ಯಾಕೆಂದರೆ ರೋಗಿ ಗಂಡಸಿಗೆ ಅಷ್ಟೊಂದು ಗೌರವದ ಆಸನ ಹಾಕಿಕೊಟ್ಟ ಕಾವ್ಯ ಬೇರೆ ಇರಲಾರದು. ಗಜಲಿನ ಪ್ರೇಮಿ ಹುಟ್ಟಾ ಬೀಮಾರ್. ಅವನಿಗೆ ಜ್ವರ, ನಿದ್ರೆಯಿಲ್ಲ, ಎದೆಯಲ್ಲಿ ಉರಿ, ಪಿತ್ತಕೋಶದಲ್ಲಿ ರಕ್ತ. ತಬೀಬ್ ಬರುತ್ತಾನೆ, ಚಾರಾಗರ್ ಬರುತ್ತಾನೆ, ನಾಡಿ ಹಿಡಿಯುತ್ತಾನೆ, ಸೋತು ಹೋಗುತ್ತಾನೆ. ವೈದ್ಯ ಸೋತಷ್ಟೂ ಪ್ರೇಮಿಯ ಘನತೆ ಏರುತ್ತದೆ. ವಾಸಿಯಾಗುವುದೆಂದರೆ ಪ್ರೇಮದಲ್ಲಿ ಸಣ್ಣವನಾಗುವುದು. ಇದು ರೂಪಕ, ಇದನ್ನು ಅಕ್ಷರಶಃ ಓದಬಾರದು ಎಂದು ಉಸ್ತಾದರು ಹೇಳಿಕೊಟ್ಟಿದ್ದಾರೆ, ಒಪ್ಪುತ್ತೇನೆ. ಆದರೆ ರೂಪಕಗಳು ದೀವಾನುಗಳೊಳಗೇ ಕೈಕಟ್ಟಿ ಕೂತಿರುವುದಿಲ್ಲ. ಮುಶಾಯಿರಾದಲ್ಲಿ ‘ವಾಹ್’ ಎಂದು ಎದ್ದು ನಿಲ್ಲುವ ಗಂಡಸಿಗೆ ಚಿಕಿತ್ಸೆಯನ್ನು ನಿರಾಕರಿಸುವುದರಲ್ಲಿ ಒಂದು ಸೊಗಸಿದೆ ಎಂಬ ಭಾವ ಮನೆವರೆಗೂ ಅಂಟಿಕೊಂಡು ಬರುತ್ತದೆ.

ಸ್ವಾರಸ್ಯವೆಂದರೆ ಈ ಕಾವ್ಯವನ್ನು ಬರೆದವರಲ್ಲೇ ವೈದ್ಯರಿದ್ದರು. ದೆಹಲಿಯ ಮೋಮಿನ್ ಖಾನ್ ಮೋಮಿನ್ ಹಕೀಮರ ಮನೆತನದವರು, ಸ್ವತಃ ಹಕೀಮಿ ಬಲ್ಲವರು. ಗಾಲಿಬನನ್ನೇ ನೋಡಿ. ಗಜಲುಗಳ ಗಾಲಿಬನಿಗೆ ಔಷಧಿಯ ಮೇಲೆ ತಾತ್ಸಾರ. ಅದೇ ಗಾಲಿಬ್ ತನ್ನ ಕೊನೆಯ ವರ್ಷಗಳಲ್ಲಿ ಗೆಳೆಯರಿಗೆ, ಶಿಷ್ಯರಿಗೆ ಬರೆದ ಕಾಗದಗಳನ್ನು ತೆರೆದರೆ ಮೈಮೇಲೆ ಎದ್ದ ಕುರುಗಳ ಲೆಕ್ಕವಿದೆ, ಕಿವಿ ಮಂದವಾದುದರ ವರದಿಯಿದೆ, ಏಳಲು ಕೂರಲು ಪಡುವ ಪಾಡಿದೆ. ನಾಚಿಕೆಯಿಲ್ಲ, ಅಲಂಕಾರವಿಲ್ಲ. ತನ್ನ ದೇಹವನ್ನು ಹೊರಗಿನವನಂತೆ ನೋಡಿ ಸ್ವಲ್ಪ ನಗುವುದೂ ಉಂಟು. ಉರ್ದು ಗದ್ಯಕ್ಕೆ ಆ ಪತ್ರಗಳು ಹೊಸ ನಡಿಗೆ ಕೊಟ್ಟವೆಂದು ಪಾಠ ಮಾಡುತ್ತೇವೆ. ಗಂಡಸು ತನ್ನ ದೇಹದ ಬಗ್ಗೆ ಸರಳವಾಗಿ ಮಾತಾಡುವುದು ಹೇಗೆಂಬುದನ್ನೂ ಅವು ತೋರಿಸಿದ್ದವು. ನಾವು ಗಜಲುಗಳನ್ನು ಬಾಯಿಪಾಠ ಮಾಡಿದೆವು, ಕಾಗದಗಳನ್ನು ಪರೀಕ್ಷೆಗೆ ಓದಿ ಮುಚ್ಚಿಟ್ಟೆವು.

ಇಪ್ಪತ್ತನೇ ಶತಮಾನಕ್ಕೆ ಬಂದರೆ ರೂಪಕ ನಿಜವೇ ಆಗಿಬಿಟ್ಟಿತು. 1955ರ ಜನವರಿಯಲ್ಲಿ ಮಂಟೋ ಲಾಹೋರಿನಲ್ಲಿ ತೀರಿಕೊಂಡಾಗ 42 ವರ್ಷ, ಕುಡಿತದಿಂದ ಯಕೃತ್ತು ಹಾಳಾಗಿತ್ತು. ಅದೇ ವರ್ಷ ಡಿಸೆಂಬರಿನ ಚಳಿಯಲ್ಲಿ ಲಖನೌದಲ್ಲಿ ಮಜಾಜ್ ಹೋದಾಗ 44. ಈ ಎರಡು ಸಾವುಗಳನ್ನು ನಾವು ಎಷ್ಟು ಪ್ರೀತಿಯಿಂದ ಹೇಳಿಕೊಳ್ಳುತ್ತೇವೆಂದರೆ, ಅವರು ಇನ್ನೊಂದು ಇಪ್ಪತ್ತು ವರ್ಷ ಬದುಕಿದ್ದರೆ ಏನೇನು ಬರೆಯುತ್ತಿದ್ದರು ಎಂಬ ಲೆಕ್ಕ ಹಾಕುವುದಕ್ಕೂ ಮನಸ್ಸು ಬರುವುದಿಲ್ಲ. ಲೆಕ್ಕ ಹಾಕಿದರೆ ದಂತಕಥೆ ಕೆಡುತ್ತದೆ. ಮಂಟೋನ ಹೆಂಡತಿ, ಮಕ್ಕಳಿಗೆ ದಂತಕಥೆ ಬೇಕಾಗಿರಲಿಲ್ಲ ಎಂಬುದನ್ನು ಸಾಹಿತ್ಯಗೋಷ್ಠಿಗಳಲ್ಲಿ ಯಾರೂ ಹೇಳುವುದಿಲ್ಲ.

ಸಿನಿಮಾದಲ್ಲಿ ಈ ಪರಂಪರೆಯ ಹೆಗಲು ಹಿಡಿದು ಬಂದದ್ದು ಹೃಷಿಕೇಶ್ ಮುಖರ್ಜಿಯವರ ‘ಆನಂದ್’ (1971). ಒಳ್ಳೆಯ ಸಿನಿಮಾ, ಈಗ ನೋಡಿದರೂ ಗಂಟಲು ಕಟ್ಟುತ್ತದೆ. ಅದಕ್ಕೇ ಅದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಆನಂದನಿಗೆ ಕರುಳಿನ ಕ್ಯಾನ್ಸರ್, ಉಳಿದಿರುವುದು ತಿಂಗಳುಗಳು. ಆದರೆ ಅವನಿಗೆ ದೇಹ ಇದ್ದಂತೆಯೇ ಇಲ್ಲ. ನಗುತ್ತಾನೆ, ಹಾಡುತ್ತಾನೆ, ಊರಿನವರನ್ನೆಲ್ಲ ಗೆಳೆಯರನ್ನಾಗಿ ಮಾಡಿಕೊಳ್ಳುತ್ತಾನೆ. ರೋಗ ಒಂದು ತತ್ವಶಾಸ್ತ್ರವಾಗಿ ಅವನ ಬಾಯಲ್ಲಿದೆ, ಕರುಳಿನಲ್ಲಿ ಇದ್ದ ಹಾಗೆ ಕಾಣುವುದು ಕೊನೆಯಲ್ಲಷ್ಟೇ. ಆ ಚಿತ್ರದಲ್ಲಿ ಇನ್ನೊಂದು ಬಗೆಯ ರೋಗಿಗಳೂ ಇದ್ದಾರೆ, ನಾವು ಮರೆತುಬಿಡುವಂಥವರು. ಏನೂ ಇಲ್ಲದಿದ್ದರೂ ಡಾಕ್ಟರ ಬಳಿ ಓಡುವ ಸ್ಥಿತಿವಂತರು. ಅಮಿತಾಭ್ ಬಚ್ಚನ್ ನಟಿಸಿದ ಡಾಕ್ಟರ್ ಭಾಸ್ಕರ್ ಅವರಿಗೆ, ನಿಮಗೇನೂ ಆಗಿಲ್ಲ ಎಂದು ಗದರಿ ಕಳಿಸುತ್ತಾನೆ. ಅವನ ಗೆಳೆಯ ಡಾಕ್ಟರ್ ಅವರಿಗೆ ವಿಟಮಿನ್ ಬರೆದುಕೊಟ್ಟು, ಬಂದ ಹಣದಲ್ಲಿ ಬಡವರನ್ನು ನೋಡುತ್ತಾನೆ. ಸಭಾಂಗಣ ನಗುತ್ತದೆ. ಹೀಗೆ ಒಂದೇ ಚಿತ್ರ ಎರಡು ಪಾಠ ಕಲಿಸಿತು: ಸಾವು ಖಚಿತವಾದ ಮೇಲೆ ಆಸ್ಪತ್ರೆಗೆ ಬರುವವನು ಹೀರೋ, ಚೆನ್ನಾಗಿರುವಾಗಲೇ ಬರುವವನು ಜೋಕರ್. ನಮ್ಮ ಊರುಗಳ ಚಹಾದಂಗಡಿಯಲ್ಲಿ ‘ಸುಮ್ನೆ ಚೆಕಪ್‌ಗೆ ಹೋಗಿದ್ದೆ’ ಎಂದವನಿಗೆ ಬೀಳುವ ನಗೆ ಈ ಸಭಾಂಗಣದ ನಗೆಯೇ.

ಆ ಜೋಕರನನ್ನು ಮುಖ್ಯಪಾತ್ರವಾಗಿಸಿದ ಚಿತ್ರ ಬರಲು 44 ವರ್ಷ ಹಿಡಿಯಿತು. ಶೂಜಿತ್ ಸರ್ಕಾರ್ ಅವರ ‘ಪೀಕೂ’ವಿನ (2015) ಮುದುಕ, ಮಲಬದ್ಧತೆಯ ಬಗ್ಗೆ ಊಟದ ಮೇಜಿನಲ್ಲೂ ಮಾತಾಡುವವನು, ಹಿಂದಿ ಸಿನಿಮಾದಲ್ಲಿ ತನ್ನ ದೇಹದ ಬಗ್ಗೆ ದಿನಾ ವಿಚಾರಿಸಿಕೊಂಡ ಅಪರೂಪದ ಗಂಡಸು. ಪಾತ್ರವಾಗಿ ಅದ್ಭುತ. ಆದರೆ ಅವನ ದೇಹದ ಉಸ್ತುವಾರಿಯ ಭಾರವನ್ನು ಹೊತ್ತವಳು ಮಗಳು. ಅವಳ ಕಚೇರಿ, ಅವಳ ಮದುವೆ, ಅವಳ ನಿದ್ರೆ ಎಲ್ಲವೂ ಅಪ್ಪನ ಹೊಟ್ಟೆಯ ಸುತ್ತ ಸುತ್ತಬೇಕು. ಚಿತ್ರ ಇದನ್ನು ಪ್ರೀತಿಯಿಂದ ತೋರಿಸುತ್ತದೆ, ನನಗೆ ಮಾತ್ರ ಸಾವಿನ ಮನೆಯ ಒಳಕೋಣೆ ನೆನಪಾಗುತ್ತದೆ. ಗಂಡಸಿನ ದೇಹವನ್ನು ಓದುವ ಕೆಲಸ ನಮ್ಮಲ್ಲಿ ಹೆಂಗಸಿಗೆ ಸೇರಿದ್ದು. ಯಾವ ಮಾತ್ರೆ ತಪ್ಪಿತು, ಯಾವ ಕಾಲು ಊದಿತು ಎಂಬುದು ಅವಳಿಗೆ ಗೊತ್ತು. ಹೇಳುವ ಹಕ್ಕು ಮಾತ್ರ ಇಲ್ಲ, ಹೇಳಿದರೆ ‘ಸುಮ್ನೆ ತಲೆ ತಿನ್ನಬೇಡ’.

ರೋಗವನ್ನು ಘಟನೆಯಾಗಿ ಅಲ್ಲದೆ ಕಾಲವಾಗಿ ಬರೆದ ಒಂದು ಕೃತಿಯನ್ನು ಹೆಸರಿಸಬೇಕೆಂದರೆ ನಾನು ಟಾಲ್‌ಸ್ಟಾಯ್‌ನ ‘ಇವಾನ್ ಇಲಿಚ್‌ನ ಸಾವು’ (1886) ಎನ್ನುತ್ತೇನೆ. ನ್ಯಾಯಾಧೀಶ, ಸುಖವಾಗಿದ್ದಾನೆ, ಹೊಸ ಮನೆಗೆ ಪರದೆ ಹಾಕಲು ಏಣಿ ಹತ್ತಿ ಜಾರಿ ಪಕ್ಕೆಗೆ ಏಟು ತಿನ್ನುತ್ತಾನೆ. ಏಟಿನ ನೋವು ಹೋಗುತ್ತದೆ. ಆಮೇಲೆ ಬಾಯಲ್ಲೊಂದು ವಿಚಿತ್ರ ರುಚಿ, ಪಕ್ಕೆಯಲ್ಲಿ ಏನೋ ಭಾರ. ನೋವೆಂದು ಹೇಳುವಂತಿಲ್ಲ, ಇಲ್ಲವೆನ್ನುವಂತೆಯೂ ಇಲ್ಲ. ಈ ನಡುವಿನ ಸ್ಥಿತಿಯನ್ನು ಟಾಲ್‌ಸ್ಟಾಯ್ ಪುಟಗಟ್ಟಲೆ ಹಿಡಿಯುತ್ತಾನೆ. ಮನೆಯಲ್ಲಿ ಜಗಳ ಶುರುವಾಗುತ್ತದೆ, ಊಟದಲ್ಲಿ ತಪ್ಪು ಹುಡುಕುತ್ತಾನೆ. ಕಾಯಿಲೆ ಮೊದಲು ಕಾಣಿಸಿಕೊಳ್ಳುವುದು ಸಿಟ್ಟಾಗಿ. ನಮ್ಮ ಎಷ್ಟು ಮನೆಗಳಲ್ಲಿ ಅಪ್ಪನ ‘ಗುಸ್ಸಾ’ ಎಂದು ಮಕ್ಕಳು ಹೆದರಿ ಸರಿದು ನಿಂತದ್ದು ಏರಿದ ಸಕ್ಕರೆಗೋ ನಿದ್ರೆಯಿಲ್ಲದ ನೋವಿಗೋ ಇದ್ದೀತು!

ಕೊನೆಗೆ ಹೆಂಡತಿಯ ಒತ್ತಾಯಕ್ಕೆ ಅವನು ಹೆಸರಾಂತ ವೈದ್ಯನಲ್ಲಿಗೆ ಹೋಗುತ್ತಾನೆ. ಅಲ್ಲಿ ನಡೆಯುವುದನ್ನು ಓದಿ ನನಗೆ ಒಂದು ವಿಷಯ ಹೊಳೆಯಿತು. ವೈದ್ಯ ಅವನೊಂದಿಗೆ ಆಡುವ ರೀತಿ, ಅವನು ಕೋರ್ಟಿನಲ್ಲಿ ಆರೋಪಿಗಳೊಂದಿಗೆ ಆಡುತ್ತಿದ್ದ ರೀತಿಯೇ. ಅದೇ ಗಾಂಭೀರ್ಯ, ಅದೇ ‘ಎಲ್ಲ ನಮಗೆ ಬಿಡಿ’ ಎಂಬ ಮುಖ. ರೋಗಿಗೆ ಬೇಕಾದ ಪ್ರಶ್ನೆ ಒಂದೇ, ಇದು ಅಪಾಯವೋ ಅಲ್ಲವೋ. ವೈದ್ಯನಿಗೆ ಅದು ಅಪ್ರಸ್ತುತ, ಅವನ ವಾದ ಮೂತ್ರಪಿಂಡವೋ ಅಪೆಂಡಿಕ್ಸೋ ಎಂಬುದರಲ್ಲಿ. ಗಂಡಸಿನ ಭಯದ ಬೇರು ಇಲ್ಲಿದೆ ಎನ್ನಿಸುತ್ತದೆ ನನಗೆ. ಡಾಕ್ಟರ ಮುಂದೆ ಅಂಗಿ ಬಿಚ್ಚಿ ನಿಲ್ಲುವುದೆಂದರೆ ಅವನಿಗೆ ಕಟಕಟೆಯಲ್ಲಿ ನಿಲ್ಲುವುದು. ರಿಪೋರ್ಟು ಎಂದರೆ ತೀರ್ಪು.

ನಮ್ಮ ಕರಾವಳಿಯ ಗಂಡಸರಿಗಂತೂ ಇದು ಬರಿಯ ಕಲ್ಪನೆಯಲ್ಲ. ಊರಿನಲ್ಲಿ ಒಮ್ಮೆಯೂ ರಕ್ತ ಕೊಡದವನು ಕೊಲ್ಲಿ ದೇಶದ ವೀಸಾ ಬಂದಾಗ ಮೆಡಿಕಲ್‌ಗೆ ಓಡುತ್ತಾನೆ. ‘ಗಮ್ಕಾ’ ಎಂದು ಎಲ್ಲರ ಬಾಯಲ್ಲೂ ಇದ್ದ ಆ ತಪಾಸಣೆಯಲ್ಲಿ ಎದೆಯ ಎಕ್ಸ್‌ರೇ, ಎಚ್‌ಐವಿ, ಕಾಮಾಲೆಯ ವೈರಸ್ ಎಲ್ಲ ನೋಡುತ್ತಾರೆ. ಕೊನೆಗೆ ಬರುವುದು ಎರಡೇ ಪದ: ಫಿಟ್ ಅಥವಾ ಅನ್‌ಫಿಟ್. ಎಂದೋ ಬಂದು ವಾಸಿಯಾದ ಕ್ಷಯದ ಕಲೆ ಎದೆಯ ಚಿತ್ರದಲ್ಲಿ ಕಂಡರೂ ಕನಸು ಮುಗಿಯಿತು. ಸಾಲ ಮಾಡಿ ಏಜೆಂಟನಿಗೆ ಕೊಟ್ಟ ಹಣ, ತಂಗಿಯ ನಿಖಾಹ್, ಅರ್ಧ ಕಟ್ಟಿದ ಮನೆ ಎಲ್ಲವೂ ಆ ಒಂದು ಪದದ ಮೇಲೆ ನಿಂತಿರುತ್ತದೆ. ಇಲ್ಲಿ ದೇಹವನ್ನು ನೋಡುತ್ತಿರುವುದು ಅವನಿಗಾಗಿ ಅಲ್ಲ, ಅವನನ್ನು ಕೊಳ್ಳುವವನಿಗಾಗಿ. ಹೀಗೆ ತಪಾಸಣೆಯ ಮೊದಲ ಪರಿಚಯವೇ ನಪಾಸಾಗುವ ಭಯವಾಗಿ ಆದವನನ್ನು, ಮೂವತ್ತು ವರ್ಷದ ನಂತರ ‘ಸುಮ್ಮನೆ ಒಮ್ಮೆ ನೋಡಿಸಿಕೊಳ್ಳಿ’ ಎಂದು ಕರೆದರೆ ಬರುತ್ತಾನೆಯೇ? ಡ್ರೈವರಿಗೆ ಲೈಸೆನ್ಸಿನ ಭಯ, ಕಾರ್ಖಾನೆಯವನಿಗೆ ಕೆಲಸದ ಭಯ. ಗಂಡಸರ ಅಹಂಕಾರವನ್ನಷ್ಟೇ ಬೈಯುವ ಬರಹಗಳು ಈ ಅನ್ನದ ಭಯವನ್ನು ಮರೆತುಬಿಡುತ್ತವೆ.

ನಮ್ಮ ಮುಸ್ಲಿಂ ಕನ್ನಡ ಕಥನಕ್ಕೆ ಬರೋಣ. ಸಾರಾ ಅಬೂಬಕ್ಕರ್, ಬಾನು ಮುಷ್ತಾಕ್ ಹೆಣ್ಣಿನ ದೇಹದ ಮೇಲೆ ನಡೆಯುವುದನ್ನು, ಬಸಿರು, ಬಾಣಂತನ, ತಲಾಖ್, ಬೇನೆ ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಬರೆದರು. ಅದಕ್ಕೆ ಬೆಲೆಯನ್ನೂ ತೆತ್ತರು. ಗಂಡಸಿನ ದೇಹವನ್ನು ಬರೆದವರಾರು ಎಂದು ಹುಡುಕಿದರೆ ಆಶ್ಚರ್ಯವೆಂಬಂತೆ ಸಿಗುವುದೂ ಬಾನು ಅವರ ಕಥೆಯೇ, ‘ಕೆಂಪು ಲುಂಗಿ’. 2025ರಲ್ಲಿ ಅಂತಾರಾಷ್ಟ್ರೀಯ ಬುಕರ್ ಪಡೆದ, ದೀಪಾ ಭಾಸ್ತಿ ಅನುವಾದಿಸಿದ ‘ಹಾರ್ಟ್ ಲ್ಯಾಂಪ್’ ಸಂಕಲನದಲ್ಲಿ ಅದೂ ಇದೆ. ಬೇಸಿಗೆ ರಜೆ, ಮನೆ ತುಂಬ ಮಕ್ಕಳ ಗಲಾಟೆ, ಅದರಿಂದ ಪಾರಾಗಲು ಮನೆಯೊಡತಿಗೆ ಹೊಳೆಯುವ ಉಪಾಯ ಹುಡುಗರಿಗೆ ಮುಂಜಿ ಮಾಡಿಸಿ ಮಲಗಿಸಿಬಿಡುವುದು. ಜೊತೆಗೆ ಬಡವರ ಮಕ್ಕಳಿಗೂ ಸಾಮೂಹಿಕವಾಗಿ. ಬಡ ಹುಡುಗನಿಗೆ ಹಳೆಯ ರೀತಿಯಲ್ಲಿ ಕ್ಷೌರಿಕನ ಕತ್ತಿ, ಉಳ್ಳವರ ಹುಡುಗನಿಗೆ ಆಸ್ಪತ್ರೆಯ ಶಸ್ತ್ರಚಿಕಿತ್ಸೆ. ಬಡವ ಬೇಗ ಎದ್ದು ಓಡಾಡುತ್ತಾನೆ, ಆಸ್ಪತ್ರೆಯಲ್ಲಿ ಮಾಡಿಸಿಕೊಂಡವನ ಗಾಯ ಕೆಡುತ್ತದೆ.

ಇದನ್ನು ವರ್ಗದ ವ್ಯಂಗ್ಯವಾಗಿ ಓದುವುದು ರೂಢಿ, ಅದು ಸರಿಯೂ ಹೌದು. ನನಗೆ ಅದರಲ್ಲಿ ಇನ್ನೊಂದು ಕಾಣುತ್ತದೆ. ಗಂಡು ದೇಹ ಊರಿನವರ ಕಣ್ಣಿಗೆ ಬೀಳುವ, ಅದರ ಗಾಯದ ಬಗ್ಗೆ ಎಲ್ಲರೂ ವಿಚಾರಿಸುವ, ಅದಕ್ಕೆ ಗೋಡಂಬಿ, ತುಪ್ಪ ತಿನ್ನಿಸಿ ಹಾರೈಕೆ ಮಾಡುವ ಹೊತ್ತು ನಮ್ಮಲ್ಲಿ ಅದೊಂದೇ. ಹುಡುಗ ಅಳಬಾರದೆಂದು ಆಗಲೇ ಹೇಳಿಕೊಡುತ್ತೇವೆ, ‘ಮರ್ದ್ ಬಚ್ಚಾ’ ಎಂದು ಬೆನ್ನು ತಟ್ಟುತ್ತೇವೆ. ಆಮೇಲೆ ಆ ದೇಹವನ್ನು ಯಾರಾದರೂ ಅಷ್ಟು ಗಮನವಿಟ್ಟು ಮುಟ್ಟುವುದು ಗುಸುಲ್ ಕೊಡುವಾಗ, ಮಯ್ಯತ್ತಿನ ಸ್ನಾನದಲ್ಲಿ. ತೊಳೆಯುವವರು ಕಾಲಿನ ಬೆರಳಿನ ಸಂದಿಯ ಆರದ ಹುಣ್ಣು ಕಾಣುತ್ತಾರೆ. ಊದಿದ ಪಾದ ಕಾಣುತ್ತಾರೆ. ಕಂಡದ್ದನ್ನು ಹೊರಗೆ ಹೇಳಬಾರದೆಂಬುದು ಗುಸುಲಿನ ಅದಬು. ಹಾಗಾಗಿ ಹೊರಗೆ ಶಾಮಿಯಾನದ ಕೆಳಗೆ ‘ಏನೂ ಇರಲಿಲ್ಲ’ ಎಂಬ ಕಥೆಗೆ ಅಡ್ಡಿಯಾಗುವುದಿಲ್ಲ. ಮುಂಜಿಗೂ ಈ ಸ್ನಾನಕ್ಕೂ ನಡುವಿನ ನಲವತ್ತು, ಐವತ್ತು ವರ್ಷ ಆ ದೇಹ ದುಡಿಯಿತು, ಹೊತ್ತಿತು, ಬೀಡಿ ಸೇದಿತು. ಓದುಗರಿಲ್ಲದ ಪುಸ್ತಕದ ಹಾಗೆ ಇತ್ತು. ಇದು ನಮ್ಮ ಸಮುದಾಯದ್ದು ಮಾತ್ರವೇನೂ ಅಲ್ಲ, ಬೇರೆಯವರಲ್ಲಿ ವಿಧಿಗಳ ಹೆಸರು ಬೇರೆ ಅಷ್ಟೆ.

ಇನ್ನು ತಕ್ದೀರಿನ ಮಾತು. ‘ಬರೆದದ್ದು ತಪ್ಪುತ್ತದೆಯೇ’ ಎನ್ನುವವರು ಮಗನ ಸೀಟಿಗೆ, ಸೈಟಿನ ಖಾತೆಗೆ ಹತ್ತು ಕಚೇರಿ ಅಲೆಯುವುದನ್ನು ಬಿಟ್ಟವರಲ್ಲ. ಆ ವಾದ ಬಿಪಿ ಯಂತ್ರದ ಮುಂದೆ ಮಾತ್ರ ನೆನಪಾಗುವುದರಿಂದ ಅದರ ಬಗ್ಗೆ ಹೆಚ್ಚು ಬರೆಯಬೇಕಿಲ್ಲ.

ಅಂಕಿಗಳು ಹೇಳುವುದನ್ನೂ ಒಮ್ಮೆ ಕೇಳಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15 ವರ್ಷ ದಾಟಿದ ಗಂಡಸರಲ್ಲಿ ನೂರಕ್ಕೆ 24 ಮಂದಿಗೆ ಬಿಪಿ ಹೆಚ್ಚಿತ್ತು ಅಥವಾ ಅದಕ್ಕೆ ಮಾತ್ರೆ ನಡೆದಿತ್ತು. ಹೆಂಗಸರಲ್ಲಿ ಇದು 21. ತಂಬಾಕಿನ ವಿಷಯದಲ್ಲಿ 2016-17ರ ಸಮೀಕ್ಷೆ ನೂರಕ್ಕೆ 42 ಗಂಡಸರು ಬಳಸುತ್ತಾರೆಂದಿತು. ಆದರೆ 30ರಿಂದ 49ರ ಗಂಡಸರಲ್ಲಿ ಬಾಯಿಯ ಕ್ಯಾನ್ಸರಿಗಾಗಿ ಒಮ್ಮೆಯಾದರೂ ಬಾಯಿ ತೋರಿಸಿದವರು ನೂರಕ್ಕೆ ಒಬ್ಬರು, ಸ್ವಲ್ಪ ಹೆಚ್ಚು. ಬಾಯಿ ನೋಡಲು ಸ್ಕ್ಯಾನಿಂಗ್ ಬೇಡ, ಸೂಜಿ ಬೇಡ, ಟಾರ್ಚು ಸಾಕು. ಕೆನ್ನೆಯ ಒಳಗೆ ಬಿಳಿ ಮಚ್ಚೆಯೋ ಕೆಂಪು ಮಚ್ಚೆಯೋ ಇದೆಯೇ, ಗುಟ್ಕಾ ತಿಂದು ತಿಂದು ಬಾಯಿ ತೆರೆಯುವುದು ಕಿರಿದಾಗಿದೆಯೇ ಎಂದು ನೋಡುವುದಕ್ಕೆ ಎರಡು ನಿಮಿಷ. ನೂರು ಜನರಲ್ಲಿ ನಲವತ್ತೆರಡು ಬಾಯಿಗಳು ತಂಬಾಕಿಗೆ ತೆರೆದವು, ಟಾರ್ಚಿಗೆ ತೆರೆದದ್ದು ಒಂದು.

ಸರ್ಕಾರದ ಕಥನವನ್ನೂ ವಿಮರ್ಶಿಸದೆ ಬಿಡಬಾರದು. ನಮ್ಮ ಸಾರ್ವಜನಿಕ ಆರೋಗ್ಯ ವ್ಯವಸ್ಥೆ ಕಟ್ಟಿಕೊಂಡದ್ದು ಗರ್ಭದ ಸುತ್ತ. ತಾಯಿ ಕಾರ್ಡು, ಲಸಿಕೆ, ಹೆರಿಗೆ, ಸಂತಾನಹರಣ ಚಿಕಿತ್ಸೆ. 2005ರ ನಂತರ ಬಂದ ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋದದ್ದೂ ಮುಖ್ಯವಾಗಿ ತಾಯಿ, ಮಗುವಿಗಾಗಿ. ಅದು ಬೇಕೇ ಇತ್ತು, ಅದರಿಂದ ಜೀವಗಳು ಉಳಿದವು. ಆದರೆ ಹೆಂಗಸನ್ನು ತಾಯಿಯಾಗಿ ಮಾತ್ರ ನೋಡಿದ ಈ ವ್ಯವಸ್ಥೆಗೆ ಗಂಡಸು ಬಾಗಿಲಲ್ಲಿ ನಿಂತ ‘ಗಂಡನ ಹೆಸರು’ ಮಾತ್ರವಾಗಿದ್ದ. ಈಗ 30 ದಾಟಿದ ಎಲ್ಲರ ಬಿಪಿ, ಸಕ್ಕರೆ, ಬಾಯಿಯನ್ನು ನೋಡಬೇಕೆಂಬ ಕಾರ್ಯಕ್ರಮ ದೇಶದಲ್ಲಿದೆ. ನಮ್ಮ ರಾಜ್ಯ 2024ರಲ್ಲಿ ಕೋಲಾರದಿಂದ ‘ಗೃಹ ಆರೋಗ್ಯ’ ಎಂದು ಮನೆಬಾಗಿಲ ತಪಾಸಣೆಯನ್ನೂ ಆರಂಭಿಸಿತು. ಒಳ್ಳೆಯದು. ಆದರೆ ಹಗಲು ಹನ್ನೊಂದಕ್ಕೆ ಬಾಗಿಲು ತಟ್ಟಿದರೆ ಗ್ಯಾರೇಜಿನವನು, ಮೀನು ಮಾರುವವನು, ಆಟೋದವನು ಮನೆಯಲ್ಲಿ ಎಲ್ಲಿರುತ್ತಾನೆ? ಅವನು ಸಿಗುವುದು ಸ್ಟ್ಯಾಂಡಿನಲ್ಲಿ, ಎಪಿಎಂಸಿಯಲ್ಲಿ, ಶುಕ್ರವಾರ ಜುಮ್ಮಾ ಮುಗಿದ ಮೇಲೆ ಮಸೀದಿಯ ಮೆಟ್ಟಿಲಲ್ಲಿ. ಬಿಪಿ ಯಂತ್ರ ಹೊತ್ತು ಅಲ್ಲಿಗೆ ಹೋಗಬೇಕು.

ಮತ್ತೊಂದು ತುದಿಯಲ್ಲಿ ಖಾಸಗಿ ಆಸ್ಪತ್ರೆಗಳ ಪ್ಯಾಕೇಜುಗಳಿವೆ. ಹಬ್ಬಕ್ಕೊಂದು ರಿಯಾಯಿತಿ, ಎಪ್ಪತ್ತು ಪರೀಕ್ಷೆ, ನಗುವ ಗಂಡ, ಹೆಂಡತಿ, ಎರಡು ಮಕ್ಕಳ ಫೋಟೋ. ಅಲ್ಲಿ ಗಂಡಸಿಗೆ ಹೇಳುವುದು ಒಂದೇ, ನೀನು ಸಂಪಾದಿಸುವ ಯಂತ್ರ, ಯಂತ್ರ ಕೆಡಬಾರದು. ಈ ಪ್ಯಾಕೇಜುಗಳ ಬಗ್ಗೆ ಹುಷಾರಾಗಿರಲು ಕಾರಣವಿದೆ. ಆರೋಗ್ಯವಂತರಿಗೆಲ್ಲ ಸಾರಾಸಗಟಾಗಿ ಮಾಡುವ ಸಾಮಾನ್ಯ ತಪಾಸಣೆಯ ಮೇಲಿನ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿದ ಕಾಕ್ರೇನ್ ಸಂಸ್ಥೆಯ ವಿಮರ್ಶೆ (2012, ಮತ್ತೆ 2019) ಅದರಿಂದ ಒಟ್ಟು ಸಾವುಗಳು ಕಡಿಮೆಯಾದದ್ದು ಕಾಣಲಿಲ್ಲವೆಂದಿತು. ಪ್ರಾಸ್ಟೇಟಿನ ರಕ್ತಪರೀಕ್ಷೆ ಎಲ್ಲರಿಗೂ ಬೇಕೋ ಬೇಡವೋ ಎಂಬುದು ವೈದ್ಯರ ನಡುವೆಯೇ ಚರ್ಚೆಯಲ್ಲಿದೆ. ಇದನ್ನು ಹಿಡಿದುಕೊಂಡು ‘ನೋಡಿದಿರಾ, ನಾನು ಹೋಗದ್ದೇ ಸರಿ’ ಎನ್ನುವ ಗಂಡಸು ನಮ್ಮಲ್ಲಿ ಸಿಕ್ಕೇ ಸಿಗುತ್ತಾನೆ. ಅವನು ಅರ್ಧ ಮಾತ್ರ ಓದಿದ್ದಾನೆ. ಬಿಪಿ 140/90 ದಾಟಿದೆಯೇ ಎಂದು ತಿಳಿಯುವುದು, ಸಕ್ಕರೆ ಏರಿದೆಯೇ ಎಂದು ತಿಳಿಯುವುದು, ತಿಳಿದ ಮೇಲೆ ಅಗ್ಗದ ಮಾತ್ರೆಯನ್ನು ತಪ್ಪದೆ ನುಂಗುವುದು ಬೇರೆ ವಿಷಯ. ಲಕ್ವ, ಹೃದಯಾಘಾತ, ಕಿಡ್ನಿ ಸೋಲುವುದನ್ನು ಅದು ತಡೆಯಬಲ್ಲದು. ಎಪ್ಪತ್ತು ಪರೀಕ್ಷೆಗಳ ಫೈಲಿಗಿಂತ ವರ್ಷಗಟ್ಟಲೆ ಬರೆದಿಟ್ಟ ಬಿಪಿಯ ಹಳೆಯ ಪುಸ್ತಕ ಹೆಚ್ಚಿನದನ್ನು ಹೇಳುತ್ತದೆ.

ಬದಲಾವಣೆಯ ಸಣ್ಣ ಸೂಚನೆ ಒಂದು ಕಂಡಿದೆ. 2024ರ ಡಿಸೆಂಬರಿನಲ್ಲಿ ಶಿವರಾಜ್‌ಕುಮಾರ್ ಅಮೆರಿಕದ ಮಯಾಮಿಗೆ ಹೋಗಿ ಮೂತ್ರಕೋಶದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು, ವಿಷಯವನ್ನು ಜನರಿಗೆ ಹೇಳಿದರು, ಹೇಳುವಾಗ ತಮ್ಮ ಭಯದ ಮಾತನ್ನೂ ಆಡಿದರು. ತೆರೆಯ ಮೇಲೆ ಹತ್ತು ಜನರನ್ನು ಒಂದೇ ಕೈಯಲ್ಲಿ ಹೊಡೆಯುವ ನಾಯಕ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೂತ್ರಕೋಶದ ಬಗ್ಗೆ ಮಾತಾಡಿದ್ದು ನಮ್ಮ ಸಂಸ್ಕೃತಿಯಲ್ಲಿ ಚಿಕ್ಕ ಸಂಗತಿಯಲ್ಲ. ಆದರೂ ಅದು ಘಟನೆಯೇ, ನಾಯಕನ ಗೆಲುವೇ. ನಾನು ಹುಡುಕುತ್ತಿರುವುದು ಅದಕ್ಕಿಂತ ಸಪ್ಪೆಯಾದದ್ದನ್ನು.

ಸಪ್ಪೆಯನ್ನು ಬರೆಯಬಲ್ಲವನೊಬ್ಬನಿದ್ದ, ಚೆಕೊವ್. ಏನೂ ಆಗದಂತೆ ತೋರುವ ಕಥೆಯಲ್ಲಿ ಎಲ್ಲವನ್ನೂ ಹೇಳುವುದನ್ನು ನಾವೆಲ್ಲ ಅವನಿಂದ ಕಲಿತೆವು. ಅವನು ವೈದ್ಯನೂ ಹೌದು. 1884ರಲ್ಲೇ ಅವನಿಗೆ ಕೆಮ್ಮಿನಲ್ಲಿ ರಕ್ತ ಬಂದಿತ್ತು. ಅದು ಏನೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು? ಆದರೂ ಹದಿಮೂರು ವರ್ಷ ಇನ್ನೊಬ್ಬ ವೈದ್ಯನಿಗೆ ಎದೆ ಕೊಡದೆ ತಪ್ಪಿಸಿಕೊಂಡು ತಿರುಗಿದ. 1897ರ ಮಾರ್ಚಿನಲ್ಲಿ ಮಾಸ್ಕೋದ ಹೋಟೆಲೊಂದರಲ್ಲಿ ಊಟಕ್ಕೆ ಕೂತಾಗ ಬಾಯಿಂದ ರಕ್ತ ಸುರಿಯಿತು, ಆಸ್ಪತ್ರೆಗೆ ಸೇರಿಸಿದರು, ಕ್ಷಯವೆಂದು ಕಾಗದದ ಮೇಲೆ ಬಂತು. ಅಲ್ಲಿಗೆ ಅವನನ್ನು ನೋಡಲು ಟಾಲ್‌ಸ್ಟಾಯ್ ಬಂದಿದ್ದ. ಇವಾನ್ ಇಲಿಚ್‌ನನ್ನು ಬರೆದವನು, ಇವಾನ್ ಇಲಿಚ್‌ನ ಹಾಗೆಯೇ ತಡಮಾಡಿದವನ ಹಾಸಿಗೆಯ ಪಕ್ಕ ಕೂತು ಆತ್ಮದ ಅಮರತ್ವದ ಬಗ್ಗೆ ಮಾತಾಡಿದ. ಏಳು ವರ್ಷದ ನಂತರ, 1904ರಲ್ಲಿ, 44ನೇ ವಯಸ್ಸಿನಲ್ಲಿ ಚೆಕೊವ್ ತೀರಿಕೊಂಡ. ಆ ಕಾಲದಲ್ಲಿ ಕ್ಷಯಕ್ಕೆ ಮದ್ದಿರಲಿಲ್ಲ, ಮೊದಲೇ ತೋರಿಸಿದ್ದರೂ ಎಷ್ಟು ದಿನ ಹೆಚ್ಚಾಗುತ್ತಿದ್ದವೋ. ಅವನಿಗೆ ಆ ನೆಪವಾದರೂ ಇತ್ತು. ಇಂದು ಬಿಪಿಗೆ ಮದ್ದಿದೆ, ಸಕ್ಕರೆಗಿದೆ, ಕ್ಷಯಕ್ಕೂ ಇದೆ, ಅದೂ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಕಿಟಕಿಯಲ್ಲೇ.

ಆ ಕಿಟಕಿಯ ಮುಂದಿನ ಬೆಂಚಿನ ಮೇಲೆ ಐವತ್ತರ ಒಬ್ಬ ಗಂಡಸು ಅಂಗಿಯ ತೋಳು ಮಡಚಿ ಕೂತಿದ್ದಾನೆ. ನಾಲ್ಕನೇ ಸಲ ಬಂದಿದ್ದಾನೆ. ಸಿಸ್ಟರು ಐದು ನಿಮಿಷ ಮಾತಾಡದೆ ಕೂರಿಸಿ ಪಟ್ಟಿ ಸುತ್ತುತ್ತಾರೆ, ಗಾಳಿ ತುಂಬುತ್ತಾರೆ, 134/86 ಎಂದು ಪುಸ್ತಕದಲ್ಲಿ ಬರೆದು, ಮಾತ್ರೆ ನಿಲ್ಲಿಸಬೇಡಿ, ಮುಂದಿನ ತಿಂಗಳು ಬನ್ನಿ ಚಾಚಾ ಎನ್ನುತ್ತಾರೆ. ಅವನು ತೋಳು ಇಳಿಸಿಕೊಂಡು ಅಂಗಡಿಗೆ ಹೋಗುತ್ತಾನೆ. ಇಷ್ಟರ ಮೇಲೆ ಒಂದು ಕಥೆಯನ್ನು ಹನ್ನೆರಡು ಪುಟ ನಿಲ್ಲಿಸುವುದು ಹೇಗೆಂದು ನನ್ನ ವಾರಗೆಯ ಕಥೆಗಾರರನ್ನು ಕೇಳಬೇಕೆಂದಿದ್ದೇನೆ.